ಮೀನಿಗೆ ನೀರೇ ದಾರಿ: ದೇವರಾಯನದುರ್ಗದಿಂದ ರಾಮಸಾಗರದ ಕೋಡಿಯವರೆಗೆ

ದೇವರಾಯನದುರ್ಗದ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ದಕ್ಷಿಣಕ್ಕೆ ಇಳಿದರೆ ಶಿಂಷಾ, ಉತ್ತರಕ್ಕೆ ಇಳಿದರೆ ಜಯಮಂಗಲಿ. ಶಿಂಷಾ ಮಂಡ್ಯ ಜಿಲ್ಲೆ ದಾಟಿ ಕಾವೇರಿ ಸೇರುತ್ತದೆ. ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿಗೆ ಕೂಡಿ, ಕೊನೆಗೆ ನೆಲ್ಲೂರಿನ ಕಡೆ ಕಡಲು ಮುಟ್ಟುತ್ತದೆ. ಎರಡರ ತಲೆಹಳ್ಳಗಳ ನಡುವೆ ಕಾಲ್ನಡಿಗೆಯಲ್ಲಿ ಹೋದರೆ ಒಂದು ಬೆಳಗಿನ ಹಾದಿ. ನೀರು ಬಿಟ್ಟು ಬದುಕಲಾರದ ಮೀನಿಗೆ ಅದು ದಾಟಲಾಗದ ದೂರ. ಒಂದು ನದಿ ಪೂರ್ತಿ ಇಳಿದು, ಬಂಗಾಳ ಕೊಲ್ಲಿಯ ಉಪ್ಪುನೀರು ಈಜಿ, ಇನ್ನೊಂದನ್ನು ಬುಡದಿಂದ ಹತ್ತಬೇಕು. ಸಿಹಿನೀರಿನ ಗೆಂಡೆಗೆ ಅದು ಆಗದ ಕೆಲಸ.

ಭೂಪಟದಲ್ಲಿ ಪಕ್ಕಪಕ್ಕ ಇರುವುದೆಲ್ಲ ನೀರಿನ ಲೆಕ್ಕದಲ್ಲಿ ಪಕ್ಕದಲ್ಲಿರುವುದಿಲ್ಲ. ಯಾವ ಹಳ್ಳ ಯಾವುದಕ್ಕೆ ಎಲ್ಲಿ ಕೂಡುತ್ತದೆ, ನಡುವೆ ಏನು ಅಡ್ಡ ನಿಂತಿದೆ ಎನ್ನುವುದೇ ಆ ನೀರಿನಲ್ಲಿ ಯಾವ ಜೀವ ಬಾಳಬೇಕೆಂದು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಇದನ್ನು ಕಣ್ಣಾರೆ ನೋಡಲು ತುಮಕೂರು, ಚಿಕ್ಕಬಳ್ಳಾಪುರ, ಕೋಲಾರಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ. ಇಲ್ಲಿ ದೊಡ್ಡ ನದಿ ಇಲ್ಲ, ಇರುವುದೆಲ್ಲ ನದಿಗಳ ತಲೆಗಳು.

ಈ ತಲೆಗಳನ್ನು ಬಲೆ ಹಿಡಿದು ನೋಡುತ್ತಾ ಸಾಗುವ ನಾಲ್ಕು ದಿನದ ಪ್ರವಾಸ ಇದು. ಹೊರಡಲು ಸರಿಯಾದ ಕಾಲ ಅಕ್ಟೋಬರ್. ಈ ಕಡೆ ಮಳೆಯ ಜೋರು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ಹೋದರೆ ಹಳ್ಳಗಳಲ್ಲಿ ಬರೀ ಮರಳು. ಡಿಸೆಂಬರ್ ಕಳೆದರೆ ತಲೆಹಳ್ಳಗಳು ಬತ್ತಿರುತ್ತವೆ. 1:50,000 ಅಳತೆಯ ಸರ್ವೇ ಆಫ್ ಇಂಡಿಯಾ ನಕ್ಷೆಗಳು, ಅರ್ಧ ಮಿಲಿಮೀಟರ್ ಕಣ್ಣಿನ ಕೈಬಲೆ, ಬಿಳಿ ಟ್ರೇ, ಥರ್ಮಾಮೀಟರ್, ಕರಗಿದ ಆಮ್ಲಜನಕ ಅಳೆಯುವ ಮೀಟರ್, ವಿದ್ಯುತ್ ವಾಹಕತೆಯ ಮೀಟರ್, 30 ಮೀಟರಿನ ಟೇಪು ಜೊತೆಗಿರಲಿ. ದೇವರಾಯನದುರ್ಗದ ಕಾಡಿನಲ್ಲಿ ಬಲೆ ಹಾಕಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಹರಾಜಾಗಿರುತ್ತದೆ, ಗುತ್ತಿಗೆ ಹಿಡಿದವರನ್ನು ಕೇಳದೆ ನೀರಿಗೆ ಇಳಿಯಬಾರದು.

ಮೊದಲ ದಿನ: ಬೆಟ್ಟದ ತಲೆಹಳ್ಳಗಳು

ತುಮಕೂರಿನಿಂದ ಬೆಳಿಗ್ಗೆ ಹೊರಟು ನಾಮದ ಚಿಲುಮೆಯಲ್ಲಿ ಮೊದಲ ನಿಲುಗಡೆ. ಬಂಡೆಯೊಳಗಿಂದ ನೀರು ಉಕ್ಕುವ ಈ ಜಾಗದಲ್ಲಿ ಬಲೆ ಹಾಕುವುದು ಬೇಡ, ತಾಪಮಾನ ಮಾತ್ರ ಬರೆದುಕೊಂಡರೆ ಸಾಕು. ನೆಲದೊಳಗಿನಿಂದ ಬರುವ ನೀರಿನ ತಾಪ ಹಗಲು ರಾತ್ರಿಗೆ ಹೆಚ್ಚು ಬದಲಾಗುವುದಿಲ್ಲ. ಮುಂದೆ ಬಿಸಿಲಿನಲ್ಲಿ ಹರಿಯುವ ಹಳ್ಳಗಳನ್ನು ಇದರ ಪಕ್ಕ ಇಟ್ಟು ನೋಡಬಹುದು.

ನಕ್ಷೆ ಹರಡಿ ಹಳ್ಳಗಳಿಗೆ ದರ್ಜೆ ಹಾಕುವುದು ಇಲ್ಲಿಯ ಮೊದಲ ಕೆಲಸ. ಅಮೆರಿಕದ ರಾಬರ್ಟ್ ಹಾರ್ಟನ್ 1945ರಲ್ಲಿ ಶುರುಮಾಡಿದ ಲೆಕ್ಕವನ್ನು ಆರ್ಥರ್ ಸ್ಟ್ರಾಲರ್ 1950ರ ದಶಕದಲ್ಲಿ ತಿದ್ದಿದರು. ಅದೇ ಇಂದಿಗೂ ಬಳಕೆಯಲ್ಲಿದೆ. ಉಪಹಳ್ಳವೇ ಇಲ್ಲದ ತೊರೆ ಒಂದನೇ ದರ್ಜೆ. ಎರಡು ಒಂದನೇ ದರ್ಜೆಯವು ಕೂಡಿದರೆ ಎರಡು, ಎರಡು ಎರಡನೇ ದರ್ಜೆಯವು ಕೂಡಿದರೆ ಮೂರು. ಎರಡನೇ ದರ್ಜೆಯ ಹಳ್ಳಕ್ಕೆ ಒಂದನೇ ದರ್ಜೆಯದು ಬಂದು ಸೇರಿದರೆ ದರ್ಜೆ ಏರುವುದಿಲ್ಲ. ಹೊಸಬರು ತಪ್ಪುವುದು ಇಲ್ಲೇ, ಪ್ರತಿ ಕೂಡಿಗೂ ಒಂದು ಸೇರಿಸುತ್ತಾ ಹೋಗಿ ಕೊರಟಗೆರೆ ತಲುಪುವ ಹೊತ್ತಿಗೆ ಹಳ್ಳವನ್ನು ಗಂಗಾನದಿ ಮಾಡಿರುತ್ತಾರೆ. ಇನ್ನೊಂದು ತೊಡಕು ನಕ್ಷೆಯ ಅಳತೆಯದು. 1:50,000ರ ನಕ್ಷೆಯಲ್ಲಿ ಕಾಣದ ಎಷ್ಟೋ ಕೊರಕಲುಗಳು 1:25,000ರಲ್ಲಿ ಕಾಣುತ್ತವೆ, ದರ್ಜೆಯೂ ಬದಲಾಗುತ್ತದೆ. ಹಾಗಾಗಿ ಒಂದೇ ಅಳತೆಯ ನಕ್ಷೆಗಳನ್ನು ಮಾತ್ರ ಹೋಲಿಸಬೇಕು.

ಒಂದು ದರ್ಜೆಗೂ ಮುಂದಿನದಕ್ಕೂ ಸಂಖ್ಯೆಯ ಅನುಪಾತ ಸಾಮಾನ್ಯವಾಗಿ 3ರಿಂದ 5. ನಾಲ್ಕು ಎಂದಿಟ್ಟುಕೊಂಡರೆ, ನಾಲ್ಕನೇ ದರ್ಜೆಯ ಒಂದು ಹೊಳೆಯ ಹಿಂದೆ 4 ಮೂರನೇ ದರ್ಜೆಯವು, 16 ಎರಡನೇ ದರ್ಜೆಯವು, 64 ಒಂದನೇ ದರ್ಜೆಯವು. ನದಿಜಾಲದ ಒಟ್ಟು ಉದ್ದದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಈ ಸಣ್ಣ ತೊರೆಗಳದ್ದೇ. ಸೇತುವೆ ಮೇಲಿಂದ ಕಾಣುವ ಹೊಳೆ ಉಳಿದ ಚೂರು ಮಾತ್ರ. ಜಮೀನು ಮಟ್ಟ ಮಾಡುವಾಗ ಜೆಸಿಬಿ ಒಂದು ಗಂಟೆಯಲ್ಲಿ ಮುಚ್ಚಿಹಾಕುವುದೂ ಈ ಸಣ್ಣವನ್ನೇ, ಅದಕ್ಕೆ ಯಾರೂ ಲೆಕ್ಕ ಇಡುವುದಿಲ್ಲ.

ಬೆಟ್ಟದ ಉತ್ತರ ಮಗ್ಗುಲಿನ ಒಂದು ತೊರೆಗೆ ಇಳಿದಾಗ ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡಬೇಕು. ಮೇಲಿಂದ ಇಳಿದರೆ ಕಾಲು ಕದಡಿದ ರಾಡಿ ಮುಂದಿನ ಮಾದರಿಗೆ ಬಂದು ಸೇರುತ್ತದೆ. ಬಲೆಯ ಬಾಯಿಯನ್ನು ಹರಿವಿಗೆ ಎದುರಾಗಿ ತಳಕ್ಕೆ ಒತ್ತಿ, ಅದರ ಮುಂದಿನ ಒಂದು ಚದರ ಮೀಟರ್ ಜಾಗದ ಕಲ್ಲು, ಮರಳು, ಎಲೆರಾಶಿಯನ್ನು ಕಾಲಿನಿಂದ ಕದಡಬೇಕು. ಒಟ್ಟು ಮೂರು ನಿಮಿಷ. ಆ ಸಮಯವನ್ನು ಜುಳುಜುಳು ಹರಿಯುವ ಕಲ್ಲುಜಾಗ, ನಿಂತ ಗುಂಡಿ, ಎಲೆ ಸಿಕ್ಕಿಕೊಂಡ ಮೂಲೆ, ಮೂರಕ್ಕೂ ಹಂಚಬೇಕು. ಬಲೆಯಲ್ಲಿ ಸಿಕ್ಕಿದ್ದನ್ನು ಎರಡು ಬೆರಳು ನೀರು ಹಾಕಿದ ಬಿಳಿ ಟ್ರೇಗೆ ಸುರಿದು ಎರಡು ನಿಮಿಷ ಸುಮ್ಮನಿದ್ದರೆ ಹುಳುಗಳು ತಾವೇ ಅಲುಗಾಡತೊಡಗುತ್ತವೆ.

ಮರಗಳ ನೆರಳು ಮುಚ್ಚಿರುವ ತಲೆಹಳ್ಳದಲ್ಲಿ ಬಿಸಿಲು ಕಡಿಮೆ, ಪಾಚಿಯೂ ಕಡಿಮೆ. ಊಟವೆಂದರೆ ಉದುರಿದ ಎಲೆ. ಅದನ್ನು ಕತ್ತರಿಸಿ ತಿನ್ನುವ ಏಡಿ, ಕಸಕಡ್ಡಿಯ ಕೊಳವೆ ಕಟ್ಟಿಕೊಂಡಿರುವ ಕ್ಯಾಡಿಸ್ ಹುಳು ಇಲ್ಲಿಯ ಮುಖ್ಯ ಬಳಗ. ಅವು ಬಿಟ್ಟ ಚೂರುಪಾರು ತೇಲಿ ಕೆಳಗಿನ ಹಳ್ಳದ ಸೋಸಿ ತಿನ್ನುವ ಹುಳುಗಳಿಗೆ ಸಿಗುತ್ತದೆ. ಹೊಳೆ ಅಗಲವಾಗಿ ಬಿಸಿಲು ಬಿದ್ದ ಮೇಲೆ ಕಲ್ಲಿನ ಪಾಚಿ ಕೆರೆದು ತಿನ್ನುವವುಗಳ ಸರದಿ. ನದಿಯ ಉದ್ದಕ್ಕೂ ಪಂಕ್ತಿ ಹೀಗೆ ಬದಲಾಗುತ್ತದೆಂದು ರಾಬಿನ್ ವ್ಯಾನೋಟ್ ಮತ್ತು ಜೊತೆಗಾರರು 1980ರಲ್ಲಿ ಬರೆದರು. ಅವರು ನೋಡಿದ್ದು ವರ್ಷವಿಡೀ ಹರಿಯುವ ಸಮಶೀತೋಷ್ಣ ನದಿಗಳನ್ನು. ನಮ್ಮ ತೊರೆಗಳು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಒಣಗುವುದರಿಂದ ಆ ಕ್ರಮವನ್ನು ಇಲ್ಲಿ ಹಾಗೆ ಹಾಗೇ ಹೊಂದಿಸಲು ಹೋಗಬಾರದು.

ಆಮ್ಲಜನಕದ ಮೀಟರಿಗೆ ಎತ್ತರ ಹೇಳುವುದನ್ನು ಮರೆಯಬಾರದು. 24 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8.4 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 900 ಮೀಟರ್ ಎತ್ತರದಲ್ಲಿ ಹಿಡಿಯುವುದು 7.5ರಷ್ಟು. ಎತ್ತರ ಸರಿಪಡಿಸದ ಮೀಟರಿನ ಶೇಕಡಾವಾರು ಲೆಕ್ಕ ಆರೋಗ್ಯವಾಗಿರುವ ತೊರೆಯನ್ನೂ ಕಾಯಿಲೆಯದ್ದೆಂದು ತೋರಿಸುತ್ತದೆ. ಹರಿವು ಅಳೆಯಲು ನಿಂಬೆಹಣ್ಣು ಸಾಕು. ಹತ್ತು ಮೀಟರನ್ನು ಅದು 40 ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.25 ಮೀಟರ್. ತಳದ ಉಜ್ಜಾಟಕ್ಕೆ 0.85ರಿಂದ ಗುಣಿಸಿ, 1.2 ಮೀಟರ್ ಅಗಲ ಮತ್ತು ಸರಾಸರಿ 10 ಸೆಂಟಿಮೀಟರ್ ಆಳದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 25 ಲೀಟರ್.

ಮಧ್ಯಾಹ್ನ ದಿಣ್ಣೆ ದಾಟಿ ದಕ್ಷಿಣದ ಕಡೆಯ ತೊರೆಯಲ್ಲಿ ಇದನ್ನೇ ಮತ್ತೊಮ್ಮೆ ಮಾಡಬೇಕು. ರೆಕ್ಕೆ ಬರುವ ಹುಳುಗಳ ಮರಿಗಳು, ಅಂದರೆ ಏರೋಪ್ಲೇನ್ ಚಿಟ್ಟೆ, ಮೇಫ್ಲೈ, ಕ್ಯಾಡಿಸ್ ಇವುಗಳ ಮರಿಗಳು, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಗೆಯವು ಸಿಗಬೇಕು, ಏಕೆಂದರೆ ತಾಯಿಹುಳು ಹಾರಿ ದಿಣ್ಣೆ ದಾಟುತ್ತದೆ. ಮೀನುಗಳ ಪಟ್ಟಿಯನ್ನು ಮಾತ್ರ ಎರಡು ಕಡೆಗೂ ಬೇರೆ ಪುಸ್ತಕದಲ್ಲಿ ಬರೆಯಬೇಕು.

ಎರಡನೇ ದಿನ: ಜಯಮಂಗಲಿಯ ಮರಳು

ಕೊರಟಗೆರೆ ಕಡೆಗೆ ಇಳಿಯುತ್ತಾ ತೀತಾ ಜಲಾಶಯ ಸಿಗುತ್ತದೆ. ಗೊರವನಹಳ್ಳಿಗೆ ಹೋಗುವ ಭಕ್ತರು ಏರಿಯ ಮೇಲೆ ನಿಂತು ನೋಡುವ ಅದೇ ನೀರು. ಅಲ್ಲಿಂದ ಕೆಳಗೆ ಜಯಮಂಗಲಿಯ ಪಾತ್ರದಲ್ಲಿ ನೀರಿಗಿಂತ ಮರಳಿನ ಕಥೆಯೇ ದೊಡ್ಡದು.

ದಪ್ಪ ಮರಳು ಒಂದು ಘನ ಮೀಟರಿಗೆ ಸುಮಾರು 200ರಿಂದ 250 ಲೀಟರ್ ನೀರನ್ನು ಬಿಟ್ಟುಕೊಡುತ್ತದೆ. ಮೇಲೆ ಹರಿವು ನಿಂತ ಮೇಲೂ ಮರಳಿನೊಳಗೆ ನೀರು ನಿಧಾನವಾಗಿ ಸಾಗುತ್ತಿರುತ್ತದೆ. ಬೇಸಿಗೆಯಲ್ಲಿ ಮೇಫ್ಲೈ ಮರಿ, ಸಣ್ಣ ಹುಳುಗಳು ಆ ತೇವಕ್ಕೆ ಇಳಿದು ಉಳಿಯುತ್ತವೆ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಸೀಮೆಯ ತಲಪರಿಗೆಗಳು ನಿಂತಿರುವುದೂ ಇದೇ ನೀರಿನ ಮೇಲೆ. ಮರಳು ನೆಲದಲ್ಲಿ ಒಸರುವ ಬುಗ್ಗೆಗೆ ಗುಂಡಿ ತೋಡಿ, ಕಲ್ಲು ಕಟ್ಟಿ, ಕಾಲುವೆ ತೆಗೆದು ಊರಿನವರೆಲ್ಲ ಸೇರಿ ಹೂಳು ತೆಗೆಯುತ್ತಾ ಬಂದ ವ್ಯವಸ್ಥೆ ಅದು. ಹೊಳೆ ಬತ್ತಿದಾಗ ಕಪ್ಪೆ, ಏಡಿ, ಸಣ್ಣ ಮೀನುಗಳಿಗೆ ಉಳಿಯುವ ಕೊನೆಯ ನೀರು ತಲಪರಿಗೆಯದು. ಮುಂದಿನ ಮಳೆಗೆ ಹಳ್ಳ ಹರಿದಾಗ ಅಲ್ಲಿಂದಲೇ ಮೇಲೂ ಕೆಳಗೂ ಜೀವ ಹರಡುತ್ತದೆ. ಪಾತ್ರದ ಮರಳನ್ನು ಬಂಡೆಯವರೆಗೆ ಬಗೆದರೆ ಒಸರಿನ ಮಟ್ಟ ಇಳಿಯುತ್ತದೆ, ತಲಪರಿಗೆ ಒಣಗುತ್ತದೆ, ಆ ಹಳ್ಳಕ್ಕೆ ಬೀಜದ ಮನೆಯೇ ಇಲ್ಲದಂತಾಗುತ್ತದೆ. ತಲಪರಿಗೆಯನ್ನು ಸಿಮೆಂಟಿನಿಂದ ಕಟ್ಟಿ ಅಂದಗೊಳಿಸುವುದೂ ಅಷ್ಟೇ ಕೇಡು. ಒಸರು ಬರುವ ಸಂದುಗಳು ಮುಚ್ಚಿಹೋಗುತ್ತವೆ. ಒಣಕಲ್ಲಿನ ಕಟ್ಟಡವೇ ಸರಿ.

ಮಧುಗಿರಿ ದಾರಿಯಲ್ಲಿ ಚೆಕ್ ಡ್ಯಾಮುಗಳನ್ನು ಎಣಿಸುತ್ತಾ ಹೋಗಬಹುದು. ಅಂತರ್ಜಲಕ್ಕೆ ಅವುಗಳ ಉಪಕಾರ ನಿಜ. ಜಲಜೀವಕ್ಕೆ ಅವು ಎಷ್ಟು ಕೇಡು ಮಾಡುತ್ತವೆ ಎನ್ನುವುದು ಕಟ್ಟೆಯ ಎತ್ತರದಷ್ಟೇ ಅದು ಜಾಲದಲ್ಲಿ ನಿಂತ ಜಾಗಕ್ಕೂ ಸೇರಿದ್ದು. ಲೆಕ್ಕ ಸುಲಭ. ಜಾಲದ ಒಟ್ಟು ಉದ್ದ 1 ಎಂದಿಟ್ಟು, ಮೀನು ದಾಟಲಾಗದ ಅಡ್ಡಗಟ್ಟೆಗಳಿಂದ ಅದು ಎಷ್ಟೆಷ್ಟು ತುಂಡಾಯಿತೋ ಆ ಪಾಲುಗಳ ವರ್ಗಗಳನ್ನು ಕೂಡಬೇಕು. ಮೊತ್ತ 1ಕ್ಕೆ ಹತ್ತಿರವಿದ್ದಷ್ಟೂ ಮೀನಿಗೆ ಜಾಲ ಕೂಡಿಕೊಂಡಿದೆ ಎಂದರ್ಥ. ಸಣ್ಣ ಕವಲಿನ ತುದಿಯಲ್ಲಿ ಕಟ್ಟಿ ಶೇಕಡಾ 10ರಷ್ಟನ್ನು ಮಾತ್ರ ಬೇರೆ ಮಾಡಿದರೆ 0.81 ಮತ್ತು 0.01, ಒಟ್ಟು 0.82. ಅದೇ ಕಟ್ಟೆ ಜಾಲವನ್ನು ಅರ್ಧಕ್ಕೆ ಸೀಳುವ ಕಡೆ ನಿಂತರೆ 0.25 ಮತ್ತು 0.25, ಒಟ್ಟು 0.50. ಸಮನಾದ ಹತ್ತು ತುಂಡಾದರೆ ಉಳಿಯುವುದು 0.10. ಹೊಳೆಯೊಳಗೇ ಮೇಲೆ ಕೆಳಗೆ ಓಡಾಡುವ ಗೆಂಡೆ, ಪಕ್ಕೆಗಳಿಗೆ ಈ ಲೆಕ್ಕ. ಕಡಲಿನಲ್ಲಿ ಹುಟ್ಟಿ ನದಿಗೆ ಏರುವ ಹಾವುಮೀನಿಗೆ ಬೇರೆ ಲೆಕ್ಕ. ಅದಕ್ಕೆ ನದಿಯ ಬುಡದ ಕಡೆಯ ಒಂದು ಅಣೆಕಟ್ಟೆಯೇ ಸಾಕು, ಮೇಲಿನ ಕವಲುಗಳೆಲ್ಲ ಒಟ್ಟಿಗೆ ಕೈಬಿಟ್ಟುಹೋಗುತ್ತವೆ.

ಕಟ್ಟಲೇಬೇಕಾದರೆ ಎರಡು ಹಳ್ಳ ಕೂಡುವ ಜಾಗದ ಕೆಳಗೆ ಬೇಡ, ಮೇಲೆ ಒಂದೇ ಕವಲಿನಲ್ಲಿ ಕಟ್ಟಬೇಕು. ಗೋಡೆಯ ನಡುವೆ ತಗ್ಗಿನ ಬಾಯಿ ಬಿಟ್ಟು, ಕೆಳಮಗ್ಗುಲಿಗೆ ದಿಂಡುಗಲ್ಲುಗಳ ಇಳಿಜಾರು ಹಾಸಬೇಕು. ಒಂದು ಮೀಟರ್ ಎತ್ತರಕ್ಕೆ 20 ಮೀಟರ್ ಉದ್ದ. ಕಲ್ಲುಗಳ ನಡುವೆ ಗೇಣು ಸಂದು ಇರಲಿ, ಮೀನು ನಿಂತು ದಮ್ಮು ತೆಗೆದುಕೊಳ್ಳುವುದು ಅಲ್ಲೇ. ಕಲ್ಲು ಹಾಸಿ ಮೇಲೆ ಕಾಂಕ್ರೀಟ್ ಸವರಿದರೆ ನೀರು ತೆಳ್ಳಗೆ, ಜೋರಾಗಿ ಜಾರುತ್ತದೆ, ಯಾವ ಮೀನೂ ಹತ್ತುವುದಿಲ್ಲ. ಇಳಿಜಾರಿನ ತುದಿಯಲ್ಲಿ ನೀರು ಕೊರೆದು ಗುಂಡಿ ಮಾಡದಂತೆ ಭಾರಿ ಕಲ್ಲುಗಳ ಒಂದು ಸಾಲನ್ನು ನೆಲದೊಳಕ್ಕೆ ಹೂಳುವುದನ್ನು ಬಿಟ್ಟರೆ ಎರಡನೇ ಮಳೆಗೇ ಇಡೀ ಹಾಸು ಕದಲುತ್ತದೆ.

ಮೂರನೇ ದಿನ: ನಂದಿಯ ಸುತ್ತ, ನಂತರ ಪರಿಗಿಯ ಸಂಗಮ

1,478 ಮೀಟರ್ ಎತ್ತರದ ನಂದಿಬೆಟ್ಟದ ಸಾಲಿನಿಂದ ನೀರು ನಾಲ್ಕೂ ದಿಕ್ಕಿಗೆ ಇಳಿಯುತ್ತದೆ. ಅರ್ಕಾವತಿ ಕಾವೇರಿಯ ಕಡೆಗೆ, ದಕ್ಷಿಣ ಪಿನಾಕಿನಿ ಹೊಸಕೋಟೆ ಮೇಲೆ ತಮಿಳುನಾಡಿಗೆ, ಚನ್ನಕೇಶವ ಬೆಟ್ಟದ ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆಗೆ. ಚಿತ್ರಾವತಿ, ಪಾಪಾಗ್ನಿಗಳು ಇದೇ ಜಿಲ್ಲೆಯ ಗುಡ್ಡಗಳಿಂದ ಆಂಧ್ರಕ್ಕೆ, ಪಾಲಾರ್ ಇನ್ನೂ ಪೂರ್ವಕ್ಕೆ. ಮದರಾಸು–ಮೈಸೂರು ನಡುವಿನ 1892ರ ಒಪ್ಪಂದದಲ್ಲಿ ಹೊಸ ಜಲಾಶಯ ಕಟ್ಟಲು ಮದರಾಸಿನ ಒಪ್ಪಿಗೆ ಬೇಕೆಂದು ಹೆಸರಿಸಿದ 15 ಮುಖ್ಯ ನದಿಗಳಲ್ಲಿ ಐದು ಈ ಗುಡ್ಡಗಳ ಸುತ್ತಿನವೇ: ಎರಡು ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್.

ಬೆಟ್ಟದ ಬಂಡೆಗಳ ಮೇಲಿನ ಮಳೆನೀರಿನ ದೊಣೆಗಳು ಯಾವ ಹಳ್ಳಕ್ಕೂ ಸೇರದ ನೀರು. ಮೀನು ಅಲ್ಲಿಗೆ ತಲುಪುವುದೇ ಇಲ್ಲ, ಹಾಗಾಗಿ ಮೀನಿದ್ದರೆ ಅದರ ಬಾಯಿಗೆ ಬೀಳುವ ಫೇರಿ ಸೀಗಡಿಯಂಥ ಜೀವಗಳಿಗೆ ಇಂಥ ನೀರು ಆಸರೆ. ಇವುಗಳ ಮೊಟ್ಟೆ ಒಣಗಿದ ತಳದಲ್ಲಿ ವರ್ಷಗಟ್ಟಲೆ ಕಾದಿದ್ದು, ನೀರು ಬಿದ್ದಾಗ ಒಡೆಯುತ್ತದೆ. ಗಾಳಿಯ ದೂಳು, ಹಕ್ಕಿಯ ಕಾಲು ಅವುಗಳ ವಾಹನ.

ಮಧ್ಯಾಹ್ನ ಗೌರಿಬಿದನೂರು, ವಿದುರಾಶ್ವತ್ಥ ದಾಟಿ ಗಡಿಯಾಚೆ ಆಂಧ್ರದ ಪರಿಗಿ ಕಡೆ ಹೋದರೆ ಜಯಮಂಗಲಿ ಉತ್ತರ ಪಿನಾಕಿನಿಗೆ ಕೂಡುವ ಜಾಗ. ಮೊನ್ನೆ ಬಿಟ್ಟು ಬಂದ ತೊರೆಯ ಮೀನಿಗೂ ನಂದಿಯ ತೊರೆಯ ಮೀನಿಗೂ ಭೇಟಿಯಾಗಲು ಇರುವ ದಾರಿ ಇದೊಂದೇ. ಬಹುತೇಕ ವರ್ಷ ಇಲ್ಲಿ ನೀರು ಕೆಲವೇ ವಾರ. ಆ ವಾರಗಳೇ ಎರಡು ಕವಲಿನ ಮೀನುಗಳು ಬೆರೆಯುವ ಕಾಲ.

ಸಣ್ಣ ತೊರೆ ದೊಡ್ಡ ನದಿಗೆ ಸೇರಿದರೆ ದೊಡ್ಡದರ ಪಾತ್ರದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಹೆಚ್ಚುಕಡಿಮೆ ಸಮ ಗಾತ್ರದವು ಕೂಡಿದಾಗ ಆಗುವುದು ಬೇರೆ. ಹರಿವುಗಳು ಡಿಕ್ಕಿ ಹೊಡೆಯುವ ಕಡೆ ತಳ ಕೊರೆದು ಮಡು, ಉಪನದಿಯ ಬಾಯಲ್ಲಿ ಮರಳ ದಿಬ್ಬ, ಮೂಲೆಯಲ್ಲಿ ನಿಶ್ಚಲ ನೀರು. ನೂರು ಮೀಟರಿನೊಳಗೆ ಮೂರು ಬಗೆಯ ಮನೆ. ಹೊಳೆ ಬತ್ತುವಾಗ ಮೀನುಗಳು ಹಿಂಜರಿದು ಸೇರುವುದು ಮಡುವಿಗೆ. ಆದ್ದರಿಂದ ಸಂಗಮದಲ್ಲಿ ಎತ್ತಿದ ಒಂದು ಲೋಡು ಮರಳು ಬೇರೆ ಕಡೆ ಎತ್ತಿದ್ದಕ್ಕಿಂತ ಹೆಚ್ಚು ಕೆಡಿಸುತ್ತದೆ.

ನೀರಿನ ಮಾದರಿಯನ್ನು ಸಂಗಮದ ಕೆಳಗೇ ತುಂಬಿಕೊಂಡರೆ ಅದು ಯಾವ ನದಿಯದೆಂದು ಹೇಳಲಾಗದು. ಎರಡು ನೀರು ಪಾತ್ರದ ಅಗಲದ ಹತ್ತಾರು ಪಟ್ಟು ದೂರ, ಕೆಲವೊಮ್ಮೆ ನೂರು ಪಟ್ಟು ದೂರ, ಪಕ್ಕಪಕ್ಕವೇ ಹರಿಯುತ್ತವೆ. ಪಾತ್ರಕ್ಕೆ ಅಡ್ಡಲಾಗಿ ಐದು ಕಡೆ, ನೀರಿನಲ್ಲಿ ಕರಗಿದ ಲವಣದ ಸುಳಿವು ಕೊಡುವ ವಾಹಕತೆಯನ್ನು ಅಳೆದು, ಅಂಕಿಗಳ ವ್ಯತ್ಯಾಸ ಶೇಕಡಾ 5ಕ್ಕಿಂತ ಇಳಿಯುವವರೆಗೆ ಕೆಳಗೆ ನಡೆಯಬೇಕು.

ನಾಲ್ಕನೇ ದಿನ: ಕೋಲಾರದ ಕೆರೆಸರಣಿ

ಕೋಲಾರ ಜಿಲ್ಲೆಯಲ್ಲಿ ಹಳ್ಳಗಳ ಕವಲುಗಳಿಗೆ ಸಾವಿರಾರು ಕೆರೆ, ಕುಂಟೆಗಳನ್ನು ಪೋಣಿಸಿದ್ದಾರೆ. ಮೇಲಿನ ಕೆರೆಯ ಕೋಡಿನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ. ಪಾಲಾರಿನ ಬೇತಮಂಗಲ ಕೆರೆ, ಅದರ ಕೆಳಗಿನ ರಾಮಸಾಗರ ಕೆರೆಗಳು ನದಿಯ ಪಾತ್ರಕ್ಕೇ ಅಡ್ಡ ನಿಂತಿವೆ. ಕೆಜಿಎಫ್ ಚಿನ್ನದ ಗಣಿಯ ಊರಿಗೆ ನೀರು ಕೊಟ್ಟದ್ದು ಬೇತಮಂಗಲವೇ.

ಸರಣಿಯಲ್ಲಿ ಕೆರೆ ಎಷ್ಟನೆಯದು ಎನ್ನುವುದರ ಮೇಲೆ ಅದರ ಜೀವ ನಿರ್ಧಾರವಾಗುತ್ತದೆ. ತುದಿಯ ಕುಂಟೆಗಳು ಬೇಗ ಒಣಗುತ್ತವೆ. ಅಲ್ಲಿ ಮೀನು ನಿಲ್ಲದು, ಕಪ್ಪೆಮರಿ, ಏರೋಪ್ಲೇನ್ ಚಿಟ್ಟೆಯ ಮರಿ, ಸಣ್ಣ ಸೀಗಡಿಜಾತಿಯವು ನೆಮ್ಮದಿಯಾಗಿರುತ್ತವೆ. ಕೆಳಗಿನ ದೊಡ್ಡ ಕೆರೆಗಳಲ್ಲಿ ನೀರು ಉಳಿಯುತ್ತದೆ, ಹೂಳು ಸೇರುತ್ತದೆ, ಮೀನಿನ ಬಗೆ ಹೆಚ್ಚು. ಕೊರಮೀನು ಗಾಳಿಯನ್ನೇ ಉಸಿರಾಡಬಲ್ಲದ್ದರಿಂದ ನಡುವಿನ ಕೆರೆಗಳಲ್ಲಿ ಕೆಸರಾಗುವವರೆಗೂ ತಾಳುತ್ತದೆ.

ಕೋಡಿಯ ಬಳಿ ನಿಂತು ನೋಡಬೇಕಾದದ್ದು ಅದರ ಕೆಳಮಗ್ಗುಲು. ಹಳೆಯ ಕೋಡಿಗಳಲ್ಲಿ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಸಣ್ಣ ಗುಂಡಿ ಇದ್ದರೆ ಮಳೆಗಾಲದ ಮೀನು ಒಂದೊಂದೇ ಹತ್ತಿ ಮೇಲಿನ ಕೆರೆ ಸೇರುತ್ತದೆ. ರಿಪೇರಿ ಹೆಸರಿನಲ್ಲಿ ನೇರ ಗೋಡೆ, ನುಣುಪು ಕಾಂಕ್ರೀಟ್ ಹಾಸು ಬಂದ ಕಡೆ ನೀರು ಇಳಿಯುತ್ತದೆ, ಮೀನು ಏರದು. ರಾಜಕಾಲುವೆ ಒತ್ತುವರಿಯಾದರೆ ಕೆರೆಯಲ್ಲಿ ಮಳೆನೀರು ತುಂಬಿದ್ದರೂ ಅದು ಜಾಲದಿಂದ ಕಳಚಿದ ಒಂಟಿ ಕೆರೆ. ಅಂಥ ಕೆರೆ ಒಂದು ಬರಕ್ಕೆ ಒಣಗಿದರೆ ತಾನಾಗಿ ಮೀನು ವಾಪಸು ಬರುವುದಿಲ್ಲ. ಹೂಳೆತ್ತುವಾಗಲೂ ಇಡೀ ತಳವನ್ನು ಬಾಣಲೆಯಂತೆ ಕೆರೆಯಬಾರದು. ಕಾಲುಭಾಗ ಮುಟ್ಟದೆ ಬಿಟ್ಟರೆ ಮೇಲ್ಮಣ್ಣಿನಲ್ಲಿರುವ ಮೊಟ್ಟೆಗಳು ಉಳಿಯುತ್ತವೆ. ತೂಬಿನ ಮಟ್ಟಕ್ಕಿಂತ ಒಂದೂವರೆ–ಎರಡು ಮೀಟರ್ ಆಳದ ಒಂದು ಮಡು ಇದ್ದರೆ ಏಪ್ರಿಲ್ ದಾಟಿಸಬಹುದು.

2018ರಿಂದ ಈ ಜಾಲಕ್ಕೆ ಹೊಸ ಕವಲೊಂದು ಬಂದಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು, ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯೊಂದಿಗೆ, ಲಕ್ಷ್ಮೀಸಾಗರ ಕೆರೆಗೆ ಏರಿ ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯುತ್ತದೆ. ಆ ಕಣಿವೆಯ ಸಹಜ ದಾರಿ ಬೆಳ್ಳಂದೂರು, ವರ್ತೂರು ಹಾದು ದಕ್ಷಿಣ ಪಿನಾಕಿನಿಗೆ. ಪೈಪು ಅದನ್ನು ಸೋಮಾಂಬುಧಿ ಅಗ್ರಹಾರದಂಥ ಪಾಲಾರ್ ಕಡೆಯ ಕೆರೆಗಳವರೆಗೂ ಮುಟ್ಟಿಸಿದೆ. ಎಂದೂ ಕೂಡದ ಎರಡು ನದಿಗಳನ್ನು ದಿಣ್ಣೆ ಹತ್ತಿಸಿ ಕೂಡಿಸಿದಂತೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಂಡ ರೈತರಿಗೆ ಇದು ದೊಡ್ಡ ಆಸರೆ, ಅದನ್ನು ಕಡೆಗಣಿಸಿ ಮಾತಾಡುವುದು ತಪ್ಪು. ಆದರೆ ಎರಡನೇ ಹಂತದ ಸಂಸ್ಕರಣೆಯಲ್ಲಿ ಪಾಚಿಗೆ ಗೊಬ್ಬರವಾಗುವ ರಂಜಕ ಹೆಚ್ಚು ಕಳೆಯುವುದಿಲ್ಲ. ಸರಣಿಯ ಮೊದಲ ಕೆರೆಗಳು ಹಸಿರುಗಟ್ಟುವುದು, ಜೊಂಡು ಹಬ್ಬುವುದು ಅದಕ್ಕೇ. ಇಂಥ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಅಳೆದು ಚೆನ್ನಾಗಿದೆ ಎಂದು ಬರೆಯುವುದು ದೊಡ್ಡ ಮೋಸ. ಪಾಚಿ ಹಗಲಲ್ಲಿ ಲೀಟರಿಗೆ 12 ಮಿಲಿಗ್ರಾಂ ದಾಟಿಸಿ, ರಾತ್ರಿ ತಾನೇ ಉಸಿರಾಡಿ 2ಕ್ಕೆ ಇಳಿಸಬಲ್ಲದು. ಮೀನು ಸಾಯುವುದು ಬೆಳಗಿನ ಜಾವ, ಅಳೆಯಬೇಕಾದದ್ದೂ ಸೂರ್ಯ ಹುಟ್ಟುವ ಮುಂಚೆ.

ಜಿಲೇಬಿ ಮೀನು ಮತ್ತು ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಕ್ಯಾಟ್‌ಫಿಶ್ ಪೈಪಿನಲ್ಲಿ ಬಂದವೋ ಬಿತ್ತನೆ ಮರಿಯ ಡಬ್ಬದಲ್ಲಿ ಬಂದವೋ, ಮೇಲಿನ ಒಂದು ಕೆರೆ ಸೇರಿದರೆ ಉಳಿದದ್ದನ್ನು ಕೋಡಿ ಮಾಡುತ್ತದೆ. ಜಿಲೇಬಿಯ ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುವುದರಿಂದ ಕೋಡಿಯಿಂದ ಬಿದ್ದರೂ ಸಂಸಾರ ಕೆಡುವುದಿಲ್ಲ. ಕ್ಯಾಟ್‌ಫಿಶ್ ಹಸಿನೆಲದ ಮೇಲೆ ತೆವಳಿಯೂ ಸಾಗುತ್ತದೆ. ವರ್ಷವಿಡೀ ನೀರು ನಿಂತ ಕೆರೆಯಲ್ಲಿ ಒಣಗುವುದಕ್ಕೆ ಹೊಂದಿಕೊಂಡ ಜೀವಗಳಿಗೆ ಜಾಗವಿಲ್ಲ. ಆದ್ದರಿಂದ ಪ್ರತಿ ಸರಣಿಯ ತುದಿಯ ಕೆಲವು ಕುಂಟೆಗಳನ್ನಾದರೂ ಪೈಪಿನ ಪಟ್ಟಿಯಿಂದ ಹೊರಗಿಟ್ಟು, ಮಳೆಗೆ ತುಂಬಿ ಬೇಸಿಗೆಗೆ ಒಣಗಲು ಬಿಡಬೇಕು. ಅವು ತುಂಬುವ ನೀರು ಒಟ್ಟು ಲೆಕ್ಕದಲ್ಲಿ ತೀರಾ ಅಲ್ಪ.

ರಾಮಸಾಗರದ ಕೋಡಿಯಲ್ಲಿ ಕೊನೆಯ ಮಾದರಿ. ಇಲ್ಲಿಂದ ಪಾಲಾರ್ ಆಂಧ್ರಕ್ಕೆ, ಅಲ್ಲಿಂದ ತಮಿಳುನಾಡಿಗೆ. ಕೋಡಿಯ ಮೇಲೆ ಮತ್ತು ಕೆಳಗೆ ಸಿಕ್ಕ ಮೀನುಗಳನ್ನು ಬೇರೆಬೇರೆ ಪಟ್ಟಿ ಮಾಡಬೇಕು. ಕೆಳಗಿದ್ದು ಮೇಲಿಲ್ಲದ ಜಾತಿಗಳ ಹೆಸರಿಗೆ ಗೆರೆ ಎಳೆದರೆ, ಮೆಟ್ಟಿಲು ಬೇಕಾದದ್ದು ಯಾವುದಕ್ಕೆ ಎಂದು ಗೊತ್ತಾಗುತ್ತದೆ. ಬಲೆ, ಬೂಟು, ಟ್ರೇಗಳನ್ನು ಕೆಸರು ಹೋಗುವಂತೆ ಅಲ್ಲಿಯೇ ತೊಳೆದು ಎರಡು ದಿನ ಕಡುಬಿಸಿಲಿಗೆ ಹಾಕದೆ ಇನ್ನೊಂದು ನದಿಯ ನೀರಿಗೆ ಇಳಿಸಬಾರದು. ಒಂದು ಕಣಿವೆಯಿಂದ ಮುಂದಿನದಕ್ಕೆ ಹೋಗುವಾಗಲೂ ಇದೇ ನಿಯಮ. ಒಣಗಿಸಲು ಸಮಯವಿಲ್ಲದ ಕಾರಣ ಶಿಂಷಾ, ಜಯಮಂಗಲಿ, ನಂದಿ, ಪಾಲಾರ್ ಕಡೆಗಳಿಗೆ ಬೇರೆಬೇರೆ ಬಲೆ ಒಯ್ಯುವುದೇ ಸುಲಭ.